ಹಳದಿ ದೀಪ, ಸೋತ ಗಾಡಿ ಮತ್ತು ಒಂದು ಪಿವಿಸಿ ಮುಚ್ಚಳ

ನಮ್ಮ ಕಾಸರಗೋಡಿನ ಪೆರ್ಲ ಪೇಟೆ ದಾಟಿ, ಕರ್ನಾಟಕ ಗಡಿಯ ಸಾರಡ್ಕದ ಕಡೆಗೆ ಹೋಗುವಾಗ ನನ್ನ ಗಾಡಿ ಸೋತಿತು. ನಿಲ್ಲಲಿಲ್ಲ, ಸೋತಿತು ಅಷ್ಟೆ. ಹಿಂದಿನ ಸೀಟು ಮಡಚಿ ಆರು ಗೋಣಿ ಚಾಲಿ ಅಡಿಕೆ ಹೇರಿದ್ದೆ, ವಿಟ್ಲದಲ್ಲಿ ಕೊಡಲಿಕ್ಕೆ. ಮೂರನೇ ಗೇರಿನಲ್ಲಿ ಆರಾಮವಾಗಿ ಚಡಾವು ಹತ್ತುತ್ತಿದ್ದ ಗಾಡಿಯನ್ನು ಯಾರೋ ಹಿಂದಿನಿಂದ ಹಗ್ಗ ಹಾಕಿ ಹಿಡಿದ ಹಾಗಾಯಿತು. ಎಂಜಿನ್ ಚಿತ್ರದ ಹಳದಿ ದೀಪ ಹತ್ತಿತು. ಎಷ್ಟು ತುಳಿದರೂ ಎಂಜಿನ್ ನಿಮಿಷಕ್ಕೆ 2,500 ಸುತ್ತು, ಅಂದರೆ 2,500 ಆರ್‌ಪಿಎಂ ದಾಟಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಕಪ್ಪು ಹೊಗೆ, ಹೊಗೆಯೊಳಗಿಂದ ಬಸ್ಸಿನವನ ಹಾರ್ನ್.

ಬದಿಗೆ ಹಾಕಿ ಮೊದಲು ನೋಡಿದ್ದು ದೀಪದ ಬಣ್ಣ. ಕೆಂಪು ಬಣ್ಣದ ಆಯಿಲ್ ದೀಪ ಹತ್ತಿದ್ದರೆ, ಅಥವಾ ಬಿಸಿಯ ಮುಳ್ಳು ಮೇಲೆ ಏರಿದ್ದರೆ, ಅಲ್ಲೇ ಎಂಜಿನ್ ನಿಲ್ಲಿಸಬೇಕು. ಇನ್ನೊಂದು ಮೈಲಿ ಹೋದರೆ ಸಾಕು ಎಂಬ ಆಸೆಯೇ ಎಂಜಿನ್ ತಿನ್ನುತ್ತದೆ. ನನ್ನದು ಹಳದಿ, ಮಿಣುಕದೆ ನಿಂತ ದೀಪ. ಬಿಸಿ ಸರಿ ಇತ್ತು, ಎಂಜಿನ್ನಿನಲ್ಲಿ ಬೇರೆ ಸದ್ದಿಲ್ಲ. ಎರಡು ನಿಮಿಷ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದೆ. ಆಶ್ಚರ್ಯ, ಪಿಕಪ್ ವಾಪಸ್ ಬಂತು! ದೀಪ ಮಾತ್ರ ಹಾಗೆಯೇ ಇತ್ತು. ಮುಂದಿನ ಚಡಾವಿನಲ್ಲಿ ಮತ್ತೆ ಅದೇ ಕಥೆ.

ಆಫ್ ಮಾಡಿ ಆನ್ ಮಾಡಿದರೆ ಶಕ್ತಿ ಮರಳುವುದು ಒಳ್ಳೆಯ ಸುಳಿವು. ಎಂಜಿನ್ ಒಳಗೆ ಏನೋ ಮುರಿದಿದ್ದರೆ ಕೀ ತಿರುಗಿಸಿದ ಮಾತ್ರಕ್ಕೆ ಸರಿಯಾಗುವುದಿಲ್ಲ ಅಲ್ವಾ? ಇಲ್ಲಿ ಗಾಡಿಯ ಕಂಪ್ಯೂಟರೇ ಡೀಸೆಲ್ ಕಡಿಮೆ ಕೊಟ್ಟು ಎಂಜಿನ್ನನ್ನು ಕಟ್ಟಿಹಾಕುತ್ತಿದೆ. ಇದಕ್ಕೆ ಲಿಂಪ್ ಮೋಡ್ ಅನ್ನುತ್ತಾರೆ, ಕುಂಟುತ್ತ ಮನೆ ಸೇರು ಎಂದರ್ಥ. ನಾನೂ ಕುಂಟುತ್ತಲೇ ವಿಟ್ಲಕ್ಕೆ ಹೋಗಿ ಅಡಿಕೆ ಇಳಿಸಿ ವಾಪಸ್ ಬಂದೆ.

ಮರುದಿನ ಹತ್ತಿರದ ಒಂದು ಗ್ಯಾರೇಜಿಗೆ ಕೊಂಡುಹೋದೆ. ಹುಡುಗ ಸ್ಕ್ಯಾನರ್ ಚುಚ್ಚಿದ. ಪಿ 0299 ಎಂದು ಬಂತು. ಟರ್ಬೊದ ಒತ್ತಡ ಸಾಲುತ್ತಿಲ್ಲ ಎಂಬ ಕೋಡ್ ಅದು. ಹುಡುಗ ಬಾನೆಟ್ ಒಳಗೆ ಸರಿಯಾಗಿ ಬಗ್ಗಲೂ ಇಲ್ಲ. "ಟರ್ಬೊ ಪೋಯಿ ಏಟ್ಟಾ" ಅಂದ. ಟರ್ಬೊ ಹೋಗಿದೆಯಂತೆ. ಹೊಸದಕ್ಕೆ ನಲವತ್ತು ಸಾವಿರದ ಮೇಲೆ, ಕೂಲಿ ಬೇರೆ. ನಾನು ನಗಾಡಿಕೊಂಡು ಗಾಡಿ ತಿರುಗಿಸಿಕೊಂಡು ಬಂದೆ. ನಗು ಬಂದದ್ದು ಧೈರ್ಯದಿಂದಲ್ಲ, ಕೈಯಲ್ಲಿ ಅಷ್ಟು ದುಡ್ಡು ಇರಲಿಲ್ಲ!

ತೋಟ ಇರುವವರಿಗೆ ಇದನ್ನು ಹೀಗೆ ಹೇಳಿದರೆ ಬೇಗ ಅರ್ಥವಾದೀತು. ಸ್ಪ್ರಿಂಕ್ಲರ್ ತಿರುಗುತ್ತಿಲ್ಲ, ನೀರಿಗೆ ಒತ್ತಡ ಇಲ್ಲ. ನಾವು ಸೀದಾ ಹೋಗಿ ಹೊಸ ಪಂಪು ತರುತ್ತೇವೆಯೇ? ಮೊದಲು ಪೈಪಿನ ಗುಂಟ ನಡೆಯುತ್ತೇವೆ. ಜಾಯಿಂಟ್ ಬಿಟ್ಟಿದೆಯಾ, ಹಂದಿ ತುಳಿದು ಪೈಪು ಒಡೆದಿದೆಯಾ ಎಂದು ನೋಡುತ್ತೇವೆ. ಟರ್ಬೊ ಎಂದರೆ ಗಾಳಿಯ ಪಂಪು. ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ, ಅದೇ ಕೋಲಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತುತ್ತದೆ. ಆ ಗಾಳಿ ರಬ್ಬರ್ ಹೋಸಿನಲ್ಲಿ ಇಂಟರ್‌ಕೂಲರಿಗೆ ಹೋಗಿ, ತಣಿದು, ಇನ್ನೊಂದು ಹೋಸಿನಲ್ಲಿ ಎಂಜಿನ್ ಸೇರುತ್ತದೆ. ಎಂಜಿನ್ನಿನ ಬಾಯಲ್ಲಿ ಒತ್ತಡ ಅಳೆಯುವ ಸೆನ್ಸರ್ ಇದೆ. ಕಂಪ್ಯೂಟರ್ ಕೇಳಿದಷ್ಟು ಒತ್ತಡ ಅಲ್ಲಿ ಸಿಗದಿದ್ದರೆ ಪಿ 0299 ಬರೆದಿಟ್ಟು ದೀಪ ಹಾಕುತ್ತದೆ. ಪಂಪು ಕೆಟ್ಟರೂ ಅದೇ ಕೋಡ್, ಪೈಪು ಒಡೆದರೂ ಅದೇ ಕೋಡ್. ಟರ್ಬೊದೊಳಗೆ ಹೊಗೆಯ ದಾರಿ ಹಿಗ್ಗಿಸಿ ಕುಗ್ಗಿಸುವ ರೆಕ್ಕೆಗಳನ್ನು ಗಾಳಿ ಹೀರಿ ಆಡಿಸುವ ವ್ಯಾಕ್ಯೂಮ್ ಟ್ಯೂಬನ್ನು ಇಲಿ ಕಡಿದರೂ ಅದೇ.

ನನ್ನ ಮೊದಲ ಅನುಮಾನ ಇಲಿಯ ಮೇಲೆಯೇ ಇತ್ತು. ಗಾಡಿ ನಿಲ್ಲುವುದು ಅಡಿಕೆ ರಾಶಿಯ ಪಕ್ಕದ ಶೆಡ್ಡಿನಲ್ಲಿ. ಮಳೆಗಾಲದಲ್ಲಿ ಬಿಸಿ ಎಂಜಿನ್ನಿನ ಮೇಲೆ ಇಲಿಗೆ ಸಂಸಾರ ಹೂಡಲಿಕ್ಕೆ ಎಂತಹ ಸುಖ! ಹೊಗೆಸೊಪ್ಪಿನ ಕಟ್ಟು ಇಟ್ಟರೆ ಬರುವುದಿಲ್ಲ ಎನ್ನುತ್ತಾರೆ. ನಾನೂ ಇಟ್ಟೆ. ಒಂದು ತಿಂಗಳ ನಂತರ ಅದರ ಮೇಲೆಯೇ ಹಿಕ್ಕೆ ಇತ್ತು. ಇರಲಿ. ವ್ಯಾಕ್ಯೂಮ್ ಪರೀಕ್ಷೆ ಸುಲಭ. ಟರ್ಬೊದ ಪಕ್ಕದಲ್ಲಿ ಸಣ್ಣ ಡಬ್ಬಿ, ಅದರಿಂದ ಒಂದು ಸರಳು ಹೊರಗೆ ಬಂದಿರುತ್ತದೆ. ಒಬ್ಬರು ಸ್ಟಾರ್ಟ್ ಮಾಡುವಾಗ ಇನ್ನೊಬ್ಬರು ನೋಡಬೇಕು. ನನ್ನ ಗಾಡಿಯಂತೆ ವ್ಯಾಕ್ಯೂಮಿನಲ್ಲಿ ನಡೆಯುವ ಟರ್ಬೊ ಆದರೆ ಸರಳು ಪಕ್ಕನೆ ಎಳೆದುಕೊಳ್ಳುತ್ತದೆ, ಆಫ್ ಮಾಡಿದಾಗ ವಾಪಸ್ ಬರುತ್ತದೆ. ನನ್ನದು ಚೆನ್ನಾಗಿಯೇ ಓಡಾಡಿತು. ಅಲ್ಲಿಗೆ ಇಲಿ ಬಚಾವ್.

ಮತ್ತೆ ಉಳಿದದ್ದು ಅಂಕಿ ನೋಡುವುದು. ಸ್ಟೇರಿಂಗಿನ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಇಎಲ್ಎಂ 327 ಎಂಬ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಬ್ಲೂಟೂತ್ ಸಾಧನ ಅಲ್ಲಿ ಕೂರುತ್ತದೆ, ಫೋನಿನಲ್ಲಿ ಆ್ಯಪ್ ಹಾಕಿದರೆ ಅಂಕಿಗಳು ಕಾಣುತ್ತವೆ. ತುಂಬ ಅಗ್ಗದ್ದು ತೆಗೆದುಕೊಂಡರೆ ಅರ್ಧ ದಾರಿಯಲ್ಲಿ ಸಂಪರ್ಕ ಬಿಟ್ಟುಹೋಗುತ್ತದೆ. ನನ್ನ ಮೊದಲನೆಯದು ಹಾಗೆಯೇ ಮೂಲೆ ಸೇರಿದೆ. ಕೋಡ್ ಅಳಿಸುವ ಬಟನ್ ಕಂಡ ಕೂಡಲೇ ಒತ್ತಬೇಡಿ. ಬ್ಯಾಟರಿ ತೆಗೆದು ದೀಪ ಆರಿಸುವುದಂತೂ ಬೇಡವೇ ಬೇಡ. ಕೋಡ್ ಬಿದ್ದ ಕ್ಷಣದಲ್ಲಿ ಆರ್‌ಪಿಎಂ ಎಷ್ಟು, ಲೋಡ್ ಎಷ್ಟು, ಬಿಸಿ ಎಷ್ಟು ಎಂದು ಕಂಪ್ಯೂಟರ್ ಒಂದು ಫೋಟೋ ತೆಗೆದಿಟ್ಟ ಹಾಗೆ ಇಟ್ಟಿರುತ್ತದೆ. ಅಳಿಸಿದರೆ ಅದೂ ಹೋಗುತ್ತದೆ.

ಮೊದಲು ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಒತ್ತಡದ ಸೆನ್ಸರ್ ನೋಡಿದೆ. ಆಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ನಮ್ಮ ಊರಿನ ಎತ್ತರಕ್ಕೆ ಅದು 100 ಕಿಲೋಪ್ಯಾಸ್ಕಲ್ ಆಸುಪಾಸು. ನನಗೆ 99 ಸಿಕ್ಕಿತು. ಸೆನ್ಸರ್ ಸುಳ್ಳು ಹೇಳುತ್ತಿಲ್ಲ ಎಂದಾಯಿತು.

ಆಮೇಲೆ ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಚಡಾವಿಗೆ ಹೋದೆ. ಓಡಿಸುತ್ತ ಫೋನ್ ನೋಡುವ ಕೆಲಸ ಮಾಡಬೇಡಿ. ಮೂರನೇ ಗೇರು, ಪೂರ್ತಿ ತುಳಿತ, 2,200 ಆರ್‌ಪಿಎಂ.

"ಎಂತದು, ಇದು 128 ದಾಟುವುದೇ ಇಲ್ಲವಲ್ಲ" ಅಂದರು ಭಾವ.

"ಅದರ ಕೆಳಗೆ ಗಾಳಿಯ ಮೀಟರ್ ಉಂಟಲ್ಲ ಭಾವ, ಅದೆಷ್ಟು?"

"71."

ನನಗೆ ಬೇಕಾದದ್ದು ಈ ಎರಡನೇ ಅಂಕಿಯೇ ಆಗಿತ್ತು. ಈ ಲೋಡಿನಲ್ಲಿ ಎಂಜಿನ್ ಬಾಯಲ್ಲಿ 200ರ ಮೇಲೆ ಒತ್ತಡ ಇರಬೇಕಿತ್ತು, ಬರೇ 128 ಇತ್ತು. ಗಾಳಿಯ ಮೀಟರ್ ಇರುವುದು ಏರ್ ಫಿಲ್ಟರಿನ ಹತ್ತಿರ, ಗಾಳಿ ಟರ್ಬೊ ಸೇರುವ ಮೊದಲು. ಒಳಗೆ ಹೋದ ಗಾಳಿಯನ್ನು ಸೆಕೆಂಡಿಗೆ ಇಷ್ಟು ಗ್ರಾಂ ಎಂದು ಅದು ಅಳೆಯುತ್ತದೆ. ನನ್ನದು 2.2 ಲೀಟರ್ ಎಂಜಿನ್. ಎರಡು ಸುತ್ತಿಗೆ ಒಮ್ಮೆ ಅಷ್ಟು ಗಾಳಿ ಎಳೆಯುತ್ತದೆ. 2,200 ಆರ್‌ಪಿಎಂಗೆ ಸೆಕೆಂಡಿಗೆ ಸುಮಾರು 40 ಲೀಟರ್ ಆಯಿತು. 128 ಕಿಲೋಪ್ಯಾಸ್ಕಲ್ ಒತ್ತಡದ ಗಾಳಿಗೆ ಲೆಕ್ಕ ಹಾಕಿದರೆ ಎಂಜಿನ್ ಕುಡಿಯುವುದು 50 ಗ್ರಾಂ ಆಸುಪಾಸು. ಮೀಟರ್ ಮಾತ್ರ 71 ಗ್ರಾಂ ಹೋಯಿತು ಅನ್ನುತ್ತಿದೆ. ಹಾಗಾದರೆ 20 ಗ್ರಾಂ ಎಲ್ಲಿ? ದಾರಿಯಲ್ಲಿ ಸೋರಿದೆ. ಟರ್ಬೊವೇ ಸತ್ತಿದ್ದರೆ, ಅಥವಾ ಏರ್ ಫಿಲ್ಟರ್ ಕಟ್ಟಿದ್ದರೆ, ಒತ್ತಡದ ಜೊತೆಗೆ ಮೀಟರಿನ ಅಂಕಿಯೂ ಬಿದ್ದಿರುತ್ತಿತ್ತು. ಒಂದು ಬಿದ್ದು ಇನ್ನೊಂದು ಬೀಳದಿದ್ದರೆ ಪಂಪು ದೂಡುತ್ತಿದೆ, ಪೈಪು ಒಡೆದಿದೆ. ಕಪ್ಪು ಹೊಗೆಗೂ ಕಾರಣ ಸಿಕ್ಕಿತು. ಮೀಟರನ್ನು ನಂಬಿ ಕಂಪ್ಯೂಟರ್ ಡೀಸೆಲ್ ಹಾಕುತ್ತದೆ, ಅಷ್ಟು ಗಾಳಿ ಒಳಗೆ ಬಂದೇ ಇರುವುದಿಲ್ಲ. ಇಳಿದು ಬರುವಾಗ ಕಿಟಕಿ ತೆರೆದು ಒಂದು ಕೆಂಪುಕಲ್ಲಿನ ಗೋಡೆಯ ಪಕ್ಕ ಜೋರಾಗಿ ಓಡಿಸಿದೆ. ಸದ್ದು ಗೋಡೆಗೆ ತಾಗಿ ವಾಪಸ್ ಬರುತ್ತದಲ್ಲ, ಸಣ್ಣಗೆ 'ಉಸ್' ಕೇಳಿತು.

ಎಲ್ಲಿ ಒಡೆದಿದೆ ಎಂದು ಕಣ್ಣಿಗೆ ಕಾಣಲಿಲ್ಲ. ಟಾರ್ಚ್ ಹಿಡಿದು ಒಂದು ಗಂಟೆ ಹುಡುಕಿದೆ. ತಣ್ಣಗಿರುವಾಗ ಹೋಸಿನ ಬಿರುಕು ಬಾಯಿ ಮುಚ್ಚಿಕೊಂಡೇ ಇರುತ್ತದೆ, ಒತ್ತಡ ಬಂದಾಗ ಮಾತ್ರ ತೆರೆಯುತ್ತದೆ. ಹಾಗಾಗಿ ಒತ್ತಡವನ್ನು ನಾನೇ ಕೊಡಬೇಕು. ಶೆಡ್ಡಿನಲ್ಲಿ ನೀರಾವರಿಯ 63 ಎಂಎಂ ಪಿವಿಸಿ ಪೈಪಿನ ತುಂಡುಗಳಿಗೆ ಬರಗಾಲವಿಲ್ಲ. ಒಂದು ಗೇಣಿನ ತುಂಡಿಗೆ ಎಂಡ್ ಕ್ಯಾಪ್ ಅಂಟಿಸಿ, ಕ್ಯಾಪಿಗೆ ತೂತು ಕೊರೆದು ಟ್ಯೂಬ್‌ಲೆಸ್ ಟಯರಿನ ವಾಲ್ವ್ ಕೂರಿಸಿದೆ. ಗಾಳಿಯ ಮೀಟರ್ ಇರುವ ಭಾಗ ಕಳಚಿ, ಟರ್ಬೊಗೆ ಹೋಗುವ ರಬ್ಬರ್ ಪೈಪಿನ ಬಾಯಿಗೆ ಈ ತುಂಡು ತುರುಕಿ ಕ್ಲಾಂಪ್ ಬಿಗಿದೆ. ಎಂಜಿನ್ನಿನ ಉಸಿರು ಬರುವ ಸಣ್ಣ ಬ್ರೀದರ್ ಪೈಪು ಅದೇ ದಾರಿಗೆ ಸೇರುತ್ತದೆ, ಅದನ್ನು ಕಳಚಿ ಎರಡೂ ಬಾಯಿಗೆ ಬೂಚು ಹಾಕಲಿಕ್ಕುಂಟು. ಇಲ್ಲದಿದ್ದರೆ ಗಾಳಿಯೆಲ್ಲ ಅಲ್ಲಿಂದಲೇ ಹೋಗುತ್ತದೆ. ಎಂಜಿನ್ ಆಫ್ ಇರಬೇಕು ಎಂದು ಹೇಳಬೇಕಾಗಿಲ್ಲ ತಾನೇ?

ಕಾಲಿನಲ್ಲಿ ತುಳಿಯುವ ಪಂಪಿನಿಂದ 6 ಪಿಎಸ್‌ಐ ಕೊಟ್ಟೆ. 10 ದಾಟಿಸಬೇಡಿ, ಕ್ಯಾಪ್ ಹಾರಿ ಮುಖಕ್ಕೆ ಬಂದೀತು. ಒತ್ತಡ ನಿಲ್ಲದೆ ಮೆಲ್ಲ ಇಳಿಯುವುದು ಸಹಜ, ಎಂಜಿನ್ನಿನೊಳಗೆ ತೆರೆದಿರುವ ವಾಲ್ವುಗಳ ಮೂಲಕ ಸ್ವಲ್ಪ ಗಾಳಿ ಹೋಗಿಯೇ ಹೋಗುತ್ತದೆ. ಭಾವ ತುಳಿಯುತ್ತಲೇ ಇದ್ದರು, ನಾನು ಪಾತ್ರೆ ತೊಳೆಯುವ ಸಾಬೂನು ನೀರನ್ನು ಒಂದೊಂದೇ ಜಾಯಿಂಟಿಗೆ ಸುರಿದೆ. ಟರ್ಬೊದಿಂದ ಇಂಟರ್‌ಕೂಲರಿಗೆ ಇಳಿಯುವ ಹೋಸಿನ ಅಡಿಭಾಗದಲ್ಲಿ, ಕ್ಲಾಂಪಿನ ಅಂಚಿನಲ್ಲೇ, ನೊರೆ ಉಕ್ಕಿತು. ಬೆರಳು ಹಾಕಿದರೆ ಎಣ್ಣೆ ಎಣ್ಣೆ, ಎರಡು ಇಂಚಿನ ಸೀಳು. ಎಣ್ಣೆಯ ಪಸೆ ಮೊದಲೇ ಕಾಣಬೇಕಿತ್ತು. ಕಂಡಿತ್ತು ಕೂಡ, ಹಳೆ ಗಾಡಿ ಅಲ್ವಾ ಎಂದು ಸುಮ್ನೆ ಬಿಟ್ಟಿದ್ದೆ.

ಹೊಸ ಹೋಸ್ ಮಂಗಳೂರಿನಿಂದ ಬರಲಿಕ್ಕೆ ಎರಡು ದಿನ. ಅಷ್ಟರವರೆಗೆ ಇರಲಿ ಎಂದು ಹಳೆ ಸೈಕಲ್ ಟ್ಯೂಬ್ ಸುತ್ತಿ ಕಟ್ಟಿ ನೋಡಿದೆ. ಮೂರು ಕಿಲೋಮೀಟರ್ ಬಂತು. ಬಿಸಿಗೆ, ಎಣ್ಣೆಗೆ ಮೆತ್ತಗಾಗಿ ಪಟ್ ಎಂದು ಹಾರಿತು. ಆ ಸಾಹಸ ಬೇಡ. ಹೋಸಿಗೆ ಎರಡು ಹೊಸ ಕ್ಲಾಂಪ್ ಸೇರಿ 2,350 ರೂಪಾಯಿ ಆಯಿತು. ಹಾಕಿ, ಕೋಡ್ ಅಳಿಸಿ, ಅದೇ ಚಡಾವಿಗೆ ಹೋದೆವು. ಒತ್ತಡ 212, ಮೀಟರ್ 82. ಗ್ಯಾರೇಜಿನ ಹುಡುಗನಿಗೆ ಪಿವಿಸಿ ಮುಚ್ಚಳ ತೋರಿಸಿದೆ. "ಒಂದು ದಿನಕ್ಕೆ ಕೊಡಿ" ಎಂದು ತೆಗೆದುಕೊಂಡ. ಇನ್ನೂ ಕೊಟ್ಟಿಲ್ಲ.

ಮರುವರ್ಷ ಆಟಿ ತಿಂಗಳ ಮಳೆಯಲ್ಲಿ ಮತ್ತೆ ಹಳದಿ ದೀಪ, ಮತ್ತೆ ಗಾಡಿ ಎಳೆಯುತ್ತಿಲ್ಲ. ಹೋಸ್ ಹೋಯಿತು ಎಂದುಕೊಂಡು ಕೆಳಗೆ ನುಗ್ಗಿದೆ. ಅದು ಗಟ್ಟಿಯಾಗಿಯೇ ಇತ್ತು. ಆಮೇಲೆ ನೆನಪಾಯಿತು, ಈ ಸಲ ಕಪ್ಪು ಹೊಗೆ ಇರಲೇ ಇಲ್ಲ. ಕೋಡ್ ಪಿ 0087, ಅಂದರೆ ಡೀಸೆಲಿನ ಒತ್ತಡ ಕಡಿಮೆ. ಚಡಾವಿನಲ್ಲಿ ಕಂಪ್ಯೂಟರ್ 1,300 ಬಾರ್ ಕೇಳುತ್ತಿತ್ತು, ಸಿಗುತ್ತಿದ್ದದ್ದು 700. ಗಾಳಿಗೆ ಬರವಿಲ್ಲ, ಡೀಸೆಲಿಗೆ ಬರ. ಡೀಸೆಲ್ ಫಿಲ್ಟರಿನ ಅಡಿಯ ತಿರುಪು ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಇಳಿಸಿದೆ. ಸ್ವಲ್ಪ ಹೊತ್ತಿನಲ್ಲಿ ಅಡಿಯಲ್ಲಿ ಎರಡು ಬೆರಳು ನೀರು, ಮೇಲೆ ಡೀಸೆಲ್.

ನೀರು ಎಲ್ಲಿಂದ ಬಂತು? ತಪ್ಪು ನನ್ನದೇ. ನಮ್ಮ ಕೇರಳಕ್ಕಿಂತ ಕರ್ನಾಟಕದಲ್ಲಿ ಡೀಸೆಲಿಗೆ ಕೆಲವು ರೂಪಾಯಿ ಕಡಿಮೆ. ಗಡಿ ದಾಟಿದಾಗಲೆಲ್ಲ ತುಂಬಿಸಿಕೊಳ್ಳುವುದು ನಮ್ಮಲ್ಲಿ ಹಲವರ ಅಭ್ಯಾಸ. ಪಂಪುಸೆಟ್ಟಿಗೆ ಎಂದು ಕ್ಯಾನಿನಲ್ಲೂ ತಂದಿಟ್ಟಿದ್ದೆ, ಮಳೆಗಾಲದಲ್ಲಿ ಅದು ಮುಗಿಯಲಿ ಎಂದು ಗಾಡಿಗೆ ಸುರಿದೆ. ಮುಚ್ಚಳ ಸರಿ ಕೂರದ ಕ್ಯಾನ್, ಶೆಡ್ಡಿನ ಎರಚಲು. ಫಿಲ್ಟರ್ ಬದಲಾಯಿಸಿ, ಕೈಪಂಪು ಒತ್ತಿ ಗಾಳಿ ತೆಗೆದ ಮೇಲೆ ಸರಿಯಾಯಿತು. ಹಳೆ ಜೀಪಿನ ಕಾಲದವರು ಗಾಳಿ ತೆಗೆಯಲು ಎಂಜಿನ್ ಓಡುವಾಗಲೇ ಇಂಜೆಕ್ಟರಿನ ನಟ್ ಸಡಿಲಿಸುತ್ತಿದ್ದರು. ಡೀಸೆಲನ್ನು ಅತಿ ಒತ್ತಡದಲ್ಲಿ ಒಂದೇ ಪೈಪಿನಲ್ಲಿ ತುಂಬಿಟ್ಟುಕೊಳ್ಳುವ ಈಗಿನ ಕಾಮನ್ ರೇಲ್ ಎಂಜಿನ್ನಿನಲ್ಲಿ ಹಾಗೆ ಮಾಡಿದರೆ ಕೈ ಹೋಗುತ್ತದೆ. ನೂರಾರು ಬಾರ್ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಗಾಯ ಚುಕ್ಕಿಯಷ್ಟೇ ಕಂಡರೂ ಆಸ್ಪತ್ರೆಗೆ ಓಡಬೇಕು.

ಭಾವನ ಗಾಡಿ ಹೊಸತು, 2020ರ ಏಪ್ರಿಲ್ ನಂತರದ, ಬಿಎಸ್ 6 ಎಂಬ ಹೊಗೆ ನಿಯಮದ್ದು. ಅದಕ್ಕೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಉಂಟು. ಬದಿಯಡ್ಕದಿಂದ ನೀರ್ಚಾಲು, ನೀರ್ಚಾಲಿನಿಂದ ಮನೆ, ಹೀಗೆ ಸಣ್ಣ ಸಣ್ಣ ಓಡಾಟದಲ್ಲಿ ಅದು ಬಿಸಿಯೇ ಆಗುವುದಿಲ್ಲ. ಮಸಿ ತಾನಾಗಿ ಸುಟ್ಟುಹೋಗಲು 600 ಡಿಗ್ರಿ ಆಸುಪಾಸು ಬೇಕು. ಅವರಿಗೂ ಒಮ್ಮೆ ದೀಪ ಹತ್ತಿ, ಪಿಕಪ್ ಕಡಿಮೆಯಾಗಿ, ನನಗೆ ಫೋನ್ ಬಂತು. ಆಗಿನ್ನೂ ಮಸಿ ಅತಿಯಾಗಿರಲಿಲ್ಲ. ತಲಪಾಡಿಯಿಂದ ಚೆಂಗಳದವರೆಗಿನ ಆರು ಪಥದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಿಸಿ, ನಡುವೆ ಆಫ್ ಮಾಡಬೇಡಿ ಅಂದೆ. ದೀಪ ಆರಿತು. ಈಗ ಭಾವ ಹದಿನೈದು ದಿನಕ್ಕೊಮ್ಮೆ ಡಿಪಿಎಫ್ ಸುಡಬೇಕು ಎಂದು ಮಂಗಳೂರಿಗೆ ಹೊರಡುತ್ತಾರೆ. ಈ ಮದ್ದು ಹೇಳಿಕೊಟ್ಟದ್ದಕ್ಕೆ ಅಕ್ಕ ನನಗೆ ಬೈಯುತ್ತಾಳೆ.