ಆಟಿಯ ಮಳೆಗೂ ಒಣಗಿಯೇ ಇರುವ ಕೋಳಿಗೂಡು

ಈ ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆದರೆ ನನ್ನ ಮೂರನೆಯ ಕೋಳಿಗೂಡಿಗೆ ನಾಲ್ಕು ಮಳೆಗಾಲ ತುಂಬುತ್ತದೆ. ಅಡಿಕೆ ಮರ ಸೀಳಿದ ದಬ್ಬೆಯ ನೆಲ ಎರಡೇ ಮಳೆಗೆ ಕೊಳೆತು ಕುಂಬಾಗುತ್ತದೆ, ಆಮೇಲೆ ಕೋಳಿಯೂ ಕೆಳಗೆ, ನೀನೂ ಕೆಳಗೆ ಎಂದು ಪೆರ್ಲ ಪೇಟೆಯ ಚಹಾದಂಗಡಿಯಲ್ಲಿ ಭವಿಷ್ಯ ನುಡಿದವರು ಕೆಲವರಿದ್ದರು. ಅವರಲ್ಲಿ ಇಬ್ಬರು ಈಗ ನನ್ನಿಂದಲೇ ಮೊಟ್ಟೆ ಕೊಂಡುಹೋಗುತ್ತಾರೆ. ಕೋಳಿ ಸಾಕುವವರಿಗೆ ಕೋಳಿ ಸಾಕುವುದನ್ನು ಹೇಳಿಕೊಡಬೇಕಾಗಿಲ್ಲ. ಲಸಿಕೆ, ಆಹಾರ, ಕಾವಿಗೆ ಇಡುವುದು ಇವೆಲ್ಲ ನಿಮಗೆ ಗೊತ್ತಿರುವುದೇ. ನಾನು ಬರೆಯುವುದು ಗೂಡಿನ ಬಗ್ಗೆ ಮಾತ್ರ, ಅದರಲ್ಲೂ ನಾನು ಕೆಡಿಸಿದ ಎರಡು ಗೂಡುಗಳ ಬಗ್ಗೆ.

ಮೊದಲನೆಯದು ದನದ ಹಟ್ಟಿಯ ಗೋಡೆಗೆ ತಾಗಿಸಿ ಕಟ್ಟಿದ್ದು. ಮೂರು ಕಡೆ ಕೋಳಿ ಬಲೆ, ಮೇಲೆ ಶೀಟು, ಮಣ್ಣಿನ ನೆಲ. ಏಳೆಂಟು ಸಾವಿರದಲ್ಲಿ ಮುಗಿದಿತ್ತು, ಅಗ್ಗವೆಂದು ಬೀಗಿದ್ದೆ. ಷಟ್ಕೋನದ ಆ ತೆಳು ಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಹೊರಗಿನದನ್ನು ಹೊರಗಿಡುವುದಿಲ್ಲ ಎಂಬುದು ತಿಳಿದದ್ದು ಒಂದು ಬೆಳಗ್ಗೆ. ಹದಿನಾಲ್ಕು ಕೋಳಿಗಳು ಬಲೆಯ ಪಕ್ಕದಲ್ಲೇ ಸಾಲಾಗಿ ಬಿದ್ದಿದ್ದವು. ಮೈಯಲ್ಲಿ ಒಂದು ಗಾಯವಿಲ್ಲ, ತಲೆ ಮಾತ್ರ ಇಲ್ಲ. ಪುನುಗುಬೆಕ್ಕು ಒಳಗೆ ಬಂದೇ ಇರಲಿಲ್ಲ. ಹೊರಗೆ ನಿಂತು, ಹೆದರಿ ಬಲೆಗೆ ತಲೆ ಒಡ್ಡಿದ ಕೋಳಿಗಳನ್ನು ಒಂದೊಂದಾಗಿ ಎಳೆದಿತ್ತು. ಅಮ್ಮ ಒಂದು ಮಾತೂ ಆಡದೆ ಹಾರೆ ತಂದು ನನ್ನ ಮುಂದೆ ಇಟ್ಟು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಆ ಸಿಟ್ಟಿನಲ್ಲಿ ಎರಡನೆಯದನ್ನು ಕೋಟೆಯ ಹಾಗೆ ಕಟ್ಟಿಸಿದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ ಆರಡಿ, ಸಿಮೆಂಟು ನೆಲ, ಗೇಣಗಲದ ಎರಡು ಕಿಟಕಿ. ಪುನುಗು ಬರಲಿಲ್ಲ, ಗಾಳಿಯೂ ಬರಲಿಲ್ಲ. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಎರಚಲು ಬೀಳುತ್ತದೆಂದು ಆ ಕಿಟಕಿಗಳಿಗೂ ಟರ್ಪಾಲು ಕಟ್ಟಿದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಹೊರಗಿನ ನೀರನ್ನು ತಡೆದೆನೆಂದು ನಾನು ಹಿಗ್ಗುತ್ತಿದ್ದಾಗ ಕೋಳಿಗಳ ಉಸಿರಿನ ಮತ್ತು ಹಿಕ್ಕೆಯ ತೇವವೇ ಒಳಗೆ ಮಳೆಗಾಲ ಮಾಡಿತು. ಹಾಸಿದ ಉಮಿ ಹಿಟ್ಟಿನ ಮುದ್ದೆಯಾಯಿತು. ಬಾಗಿಲು ತೆರೆದರೆ ಕಣ್ಣು ಉರಿಯುತ್ತಿತ್ತು. ಜುಲೈ ಕೊನೆಗೆ ರಕ್ತಭೇದಿ ಶುರುವಾಯಿತು. ನಲವತ್ತರಷ್ಟು ಮರಿಗಳಲ್ಲಿ ಉಳಿದದ್ದು ಹನ್ನೊಂದೋ ಹನ್ನೆರಡೋ. ಕೋಟೆಗೆ ಖರ್ಚಾದದ್ದು ಅರುವತ್ತು ಸಾವಿರದ ಹತ್ತಿರ, ಔಷಧಿಯ ಲೆಕ್ಕ ಬೇರೆ. ಈಗ ಅದರಲ್ಲಿ ಸಿಪ್ಪೆ ಗೋಟು (ಸುಲಿಯದ ಒಣ ಅಡಿಕೆ) ಮತ್ತು ಹಳೆಯ ಪಂಪ್‌ಸೆಟ್ ಇವೆ.

ಆ ಮಳೆಗಾಲದಲ್ಲಿ ಒಂದು ರಾತ್ರಿ ಗೂಡಿನೊಳಗೆ ಮಂಡಿಯೂರಿ, ಮೂಗನ್ನು ಕೋಳಿಯ ಎತ್ತರಕ್ಕೆ ತಂದು ಉಸಿರೆಳೆದೆ. ನಿಂತಾಗ ಇದ್ದ ವಾಸನೆಯ ಎರಡರಷ್ಟು ಅಲ್ಲಿತ್ತು. ಅದರಲ್ಲೇ ಅವು ಹನ್ನೆರಡು ಗಂಟೆ ಕಳೆಯಬೇಕು. ಅಂದೇ ತೀರ್ಮಾನಿಸಿದೆ: ಹಿಕ್ಕೆ ಕೋಳಿಯ ಜೊತೆಯಲ್ಲಿ ಇರಬಾರದು, ಗೋಡೆ ಬೇಡ, ಮಾಡು, ಅಂದರೆ ಚಾವಣಿ, ಮಾತ್ರ ದೊಡ್ಡದಾಗಿರಬೇಕು.

ನೆಲವನ್ನು ನಾಲ್ಕಡಿ ಎತ್ತರಿಸಿ ಅಡಿಕೆ ದಬ್ಬೆ ಹಾಸುತ್ತೇನೆ, ಸುತ್ತಲೂ ಬರೀ ಮೆಶ್ ಎಂದಾಗ ಮೇಸ್ತ್ರಿ, "ಅಣ್ಣಾ, ಚಳಿಗೆ ಕೋಳಿ ಸತ್ತರೆ ನನ್ನ ಹೆಸರು ಹೇಳಬೇಡಿ" ಎಂದ. ಪಕ್ಕದ ತೋಟದ ಮಾವ ದಬ್ಬೆ ಬೇಡವೆಂದೇ ಹಟ ಹಿಡಿದರು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಕಡಿದ ಕೂಡಲೇ ಹಾಸಿದ ದಬ್ಬೆ ಎರಡು ಮಳೆಗೆ ಹೋಗುವುದು ನಿಜ.

ನಮ್ಮ ತೋಟದ ಕೆಳಗಿನ ಸಾಲಿನಲ್ಲಿ ಹಳದಿ ಎಲೆ ರೋಗ ಹಿಡಿದು ಫಸಲು ನಿಂತ ಹಳೆಯ ಮರಗಳು ಮೂವತ್ತರಷ್ಟು ಇದ್ದವು. ಕಡಿಸಿ, ಬುಡದಿಂದ ಹದಿನೈದು ಅಡಿ ಮಾತ್ರ ಇಟ್ಟುಕೊಂಡೆ. ಮೇಲಿನ ಭಾಗ ಸೌದೆಗೆ. ಸೀಳಿ, ಒಳಗಿನ ಮೆತ್ತನೆಯ ತಿರುಳನ್ನು ಪೂರ್ತಿ ಕೆತ್ತಿ ತೆಗೆಸಿದೆ. ಬೂಸಲು ಹಿಡಿಯುವುದು ಆ ತಿರುಳಿಗೆ, ಮರಕ್ಕಲ್ಲ. ಆಮೇಲೆ ಕೆರೆಯಲ್ಲಿ ಕಲ್ಲು ಹೇರಿ ನಲವತ್ತು ದಿನ ಮುಳುಗಿಸಿದೆ. ಕೆರೆಯ ನೀರು ನಾತ ಹೊಡೆದು ಮನೆಯಲ್ಲಿ ಒಂದು ತಿಂಗಳು ನನಗೆ ಮರ್ಯಾದೆ ಇರಲಿಲ್ಲ. ತೆಗೆದು ನೆರಳಿನಲ್ಲಿ ಒಣಗಿಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿದೆ. ದೋಣಿಗೆ ಹಚ್ಚುತ್ತಾರಲ್ಲ, ಅದೇ. ಕೈಗವಸು ಹಾಕದೆ ಹಚ್ಚಿದ ನನ್ನ ಬಲಗೈ ಮೊಣಕೈವರೆಗೆ ಬೊಬ್ಬೆ ಎದ್ದು, ಊಟಕ್ಕೂ ಚಮಚ ಹಿಡಿಯುವ ಗತಿ ಬಂತು. ಬರೀ ಗೇರೆಣ್ಣೆ ಅಂಟು ಬಿಡುವುದಿಲ್ಲ. ಅದಕ್ಕೆ ಇನ್ನೊಂದನ್ನು ಬೆರೆಸಬೇಕು. ಏನು, ಎಷ್ಟು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ಹೇಳಿದ್ದೇನೆ, ಅದೂ ಎಲ್ಲರಿಗೂ ಅಲ್ಲ. ಎಣ್ಣೆ ಹಚ್ಚಿ ಮೂರು ವಾರ ಕೋಳಿಗಳನ್ನು ಒಳಗೆ ಬಿಡಬೇಡಿ.

ದಬ್ಬೆಯ ಹೊರಮೈ ಮೇಲಕ್ಕೆ ಬರಬೇಕು. ನುಣುಪಾದ್ದರಿಂದ ಹಿಕ್ಕೆ ನಿಲ್ಲುವುದಿಲ್ಲ. ಸಂದು ಕಿರುಬೆರಳು ತೂರುವಷ್ಟು, ಮುಕ್ಕಾಲು ಇಂಚು ಎನ್ನಿ. ಮೊದಲು ಅರ್ಧ ಇಂಚು ಬಿಟ್ಟಿದ್ದೆ, ವಾರದಲ್ಲಿ ಕಟ್ಟಿಕೊಂಡಿತು, ಪೂರ್ತಿ ಬಿಚ್ಚಿ ಮತ್ತೆ ಹಾಸಿದೆ. ಮೊಳೆಯನ್ನು ನೇರವಾಗಿ ಹೊಡೆದರೆ ದಬ್ಬೆ ಉದ್ದಕ್ಕೂ ಸೀಳುತ್ತದೆ. ಡ್ರಿಲ್‌ನಿಂದ ತೂತು ಕೊರೆದೇ ಹೊಡೆಯಬೇಕು. ಇಷ್ಟೆಲ್ಲ ಆದಮೇಲೆ ಎರಡನೆಯ ತಿಂಗಳು ಆರೇಳು ಕೋಳಿಗಳು ಕುಂಟತೊಡಗಿದವು. ಹಿಡಿದು ನೋಡಿದರೆ ಅಂಗಾಲು ಗುಳ್ಳೆಯಂತೆ ಬಾತು ನಡುವೆ ಕಪ್ಪು ಹೆಕ್ಕಳ ಕಟ್ಟಿದೆ. ದಬ್ಬೆಯ ಅಂಚಿನ ಸಿಬಿರು ಮಾಡಿದ ಕೆಲಸ. ಒಂದು ಭಾನುವಾರ ಪೂರ್ತಿ ಮಗಳೂ ನಾನೂ ಕತ್ತಿಯಿಂದ ಅಂಚು ಹೆರೆದು, ತೆಂಗಿನ ಚಿಪ್ಪಿನಿಂದ ಉಜ್ಜಿದೆವು. ಹೊಸದಾಗಿ ಮಾಡುವವರು ಇದನ್ನು ಹಾಸುವ ಮೊದಲೇ ಮಾಡಿ.

ಗೂಡಿನ ಅಳತೆ ಹದಿನೆಂಟು ಅಡಿಗೆ ಹನ್ನೆರಡು, ಉದ್ದ ಪೂರ್ವ ಪಶ್ಚಿಮಕ್ಕೆ. ಹಗಲಿಡೀ ತೋಟದಲ್ಲಿ ತಿರುಗುವ ಎಪ್ಪತ್ತು ಕೋಳಿಗಳಿಗೆ ಧಾರಾಳ. ಹನ್ನೆರಡು ಕಂಬ, ಎಲ್ಲ ಮುರಕಲ್ಲು. ಮೆಶ್ ಅರ್ಧ ಇಂಚಿನ ವೆಲ್ಡ್ ಮೆಶ್, ಅಂದರೆ ಬೆಸೆದ ಗಟ್ಟಿ ತಂತಿಬಲೆ. ಹಣ ಉಳಿಸುವುದಾದರೆ ಬೇರೆಲ್ಲಾದರೂ ಉಳಿಸಿ. ಮಾಡಿಗೆ ಕೆಡವಿದ ಮನೆಯೊಂದರ ಹಳೆಯ ಹಂಚು ಸಿಕ್ಕಿತು, ಒಂದಕ್ಕೆ ಹತ್ತು ರೂಪಾಯಿಯಂತೆ. ಕೆಲವದರ ಬೆನ್ನಿನಲ್ಲಿ ಬಾಸೆಲ್ ಮಿಷನ್, 1865 ಎಂಬ ಅಚ್ಚು ಇತ್ತು. ಅದು ಮಂಗಳೂರಿನಲ್ಲಿ ಆ ಮಿಷನರಿ ಸಂಸ್ಥೆಯ ಹಂಚಿನ ಕಾರ್ಖಾನೆ ಆರಂಭವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ನಮ್ಮ ಮೇಸ್ತ್ರಿ ಮಾತ್ರ ಕೋಳಿಗಳಿಗೆ ನೂರೈವತ್ತು ವರ್ಷದ ಮಾಡು ಎಂದು ಊರಿಡೀ ಹೇಳಿಕೊಂಡು ಬಂದ. ಮಾಡಿನ ಇಳಿಜಾರು ಗೂಡಿನಿಂದ ಮೂರೂವರೆ ಅಡಿ ಹೊರಗೆ ಚಾಚಿದೆ. ನೆತ್ತಿಯಲ್ಲಿ ಒಂದು ಗೇಣು ತೆರವು ಬಿಟ್ಟು, ಅದರ ಮೇಲೆ ಎತ್ತರಿಸಿ ಒಂದು ಶೀಟಿನ ಟೊಪ್ಪಿ ಹಾಕಿದ್ದೇನೆ. ಒಳಗಿನ ಹಬೆ ಅಲ್ಲಿಂದ ಹೋಗುತ್ತದೆ. ಪಶ್ಚಿಮದ ಎರಚಲಿಗೆ ಮಾತ್ರ ಹೆಣೆದ ತೆಂಗಿನ ಮಡಲು, ಅದನ್ನೂ ಮೆಶ್‌ಗೆ ಅಂಟಿಸದೆ ಒಂದೂವರೆ ಅಡಿ ದೂರದಲ್ಲಿ ತೂಗಹಾಕಿದೆ. ನೀರು ನಿಲ್ಲುತ್ತದೆ, ಗಾಳಿ ಬಳಸಿ ಬರುತ್ತದೆ. ಚಳಿಗೆ ಇಂದಿನವರೆಗೆ ಒಂದು ಕೋಳಿಯೂ ಸತ್ತಿಲ್ಲ. ರೆಕ್ಕೆಪುಕ್ಕ ಇರುವುದು ಯಾಕೆ ಮತ್ತೆ?

ಕಂಬಗಳಿಗೆ ಹಳೆಯ ಎಣ್ಣೆ ಡಬ್ಬಿಯ ತಗಡನ್ನು ಛತ್ರಿಯಂತೆ ಸುತ್ತಿದ ಮೇಲೆ ಇಲಿ ಹತ್ತಲಿಲ್ಲ. ಇರುವೆಗಳದ್ದೇ ಕಾಟವಾಯಿತು. ಕಾವು ಕೂತ ಹೇಂಟೆಯ ಕೆಳಗೆ ಒಡೆಯುತ್ತಿದ್ದ ಮೊಟ್ಟೆಗಳಿಗೇ ಮುತ್ತಿದವು. ಕಂಬದ ಬುಡಕ್ಕೆ ನೀರಿನ ಕಟ್ಟೆ ಕಟ್ಟಿದೆ, ಸೊಳ್ಳೆ ಹುಟ್ಟಿತು. ಈಗ ಸುಟ್ಟ ಎಂಜಿನ್ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಸುತ್ತುತ್ತೇನೆ, ತಿಂಗಳಿಗೊಮ್ಮೆ ಬದಲಿಸುತ್ತೇನೆ.

ಖರ್ಚು ನೆನಪಿನಿಂದ ಹೇಳುತ್ತೇನೆ. ಕಲ್ಲು ಮತ್ತು ಮೇಸ್ತ್ರಿಯ ಕೂಲಿ ಹದಿನೆಂಟು ಸಾವಿರ, ಮಾಡಿನ ಮರ (ಪಕ್ಕಾಸು, ರೀಪು) ಮತ್ತು ಹಂಚು ಸೇರಿ ಇಪ್ಪತ್ತೆರಡು, ಮೆಶ್ ಹದಿನಾರು, ಮರ ಕಡಿದು ಸೀಳಿದ ಕೂಲಿ ಒಂಬತ್ತು, ಎಣ್ಣೆ, ಮೊಳೆ, ಬಾಗಿಲು ಎಲ್ಲ ಎಂಟು. ಎಪ್ಪತ್ತಮೂರು ಸಾವಿರ ಆಯಿತಲ್ಲ. ನಾನೂ ಮಗಳೂ ದುಡಿದದ್ದಕ್ಕೆ ಲೆಕ್ಕ ಹಾಕಿಲ್ಲ. ಒಳ್ಳೆಯ ತಿಂಗಳುಗಳಲ್ಲಿ ದಿನಕ್ಕೆ ಮೂವತ್ತು ಮೊಟ್ಟೆ, ಊರಮೊಟ್ಟೆಗೆ ಆಗ ಹತ್ತು ರೂಪಾಯಿ, ಆಹಾರಕ್ಕೆ ನೂರಿಪ್ಪತ್ತು ಕಳೆಯಿರಿ. ಪುಕ್ಕ ಉದುರಿಸುವ ಸಮಯದಲ್ಲಿ ಹತ್ತು ಮೊಟ್ಟೆ ಸಿಕ್ಕಿದರೆ ಪುಣ್ಯ. ಎರಡು ವರ್ಷದೊಳಗೆ ಹಾಕಿದ ಹಣ ಬಂತು. ನಾನು ಲೆಕ್ಕಕ್ಕೇ ಹಿಡಿಯದಿದ್ದ ಲಾಭ ನೆಲದ ಅಡಿಯಲ್ಲಿತ್ತು. ಅಲ್ಲಿ ಅಡಿಕೆ ಸಿಪ್ಪೆ ಮತ್ತು ತರಗೆಲೆ ಹರಡಿದ್ದೇನೆ, ಹಿಕ್ಕೆ ಅದರ ಮೇಲೆ ಬೀಳುತ್ತದೆ. ವರ್ಷಕ್ಕೆ ಎರಡು ಸಲ ಬಾಚಿದರೆ ನಲವತ್ತು ಚೀಲ. ನೊಣ ಬಾರದಂತೆ ಅದರ ಮೇಲೆ ಸುಣ್ಣದ ಜೊತೆ ಇನ್ನೊಂದು ಪುಡಿ ಎರಚುತ್ತೇನೆ. ಅದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಗೂಡಿಗೆ ಸಂಬಂಧವಿಲ್ಲದಿದ್ದರೂ ಗೆದ್ದಲಿನ ಪ್ರಯೋಗ ಹೇಳದೆ ಇರಲಾರೆ. ಮಣ್ಣಿನ ಮಡಕೆಗೆ ಹಸಿ ಸೆಗಣಿ, ಹರಿದ ಗೋಣಿ, ಒಂದು ಹಿಡಿ ಬೈಹುಲ್ಲು ತುಂಬಿ ಗುಡ್ಡದಲ್ಲಿ ಹುತ್ತದ ಬಳಿ ಸಂಜೆ ಕವುಚಿಟ್ಟರೆ ಬೆಳಗ್ಗೆ ಮಡಕೆ ತುಂಬ ಗೆದ್ದಲು. ಮರಿಗಳಿಗೆ ಇದಕ್ಕಿಂತ ಇಷ್ಟದ ಆಹಾರ ಬೇರಿಲ್ಲ. ಹುರುಪಿನಲ್ಲಿ ಮಡಕೆಯನ್ನು ಗೂಡಿನ ಪಕ್ಕದಲ್ಲೇ ಇಟ್ಟೆ, ಗೆದ್ದಲು ಬಾಗಿಲಿನ ಚೌಕಟ್ಟಿಗೆ ಹತ್ತಿತು. ದಬ್ಬೆಯನ್ನು ಮುಟ್ಟಲಿಲ್ಲ, ನಾನು ಹಚ್ಚಿದ ಎಣ್ಣೆಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೇ? ಚೌಕಟ್ಟು ಮಾತ್ರ ಹೊಸದು, ಸಾವಿರದ ಎಂಟುನೂರು ರೂಪಾಯಿ.

ನಾಲ್ಕು ವರ್ಷದಲ್ಲಿ ಬದಲಿಸಿದ ದಬ್ಬೆ ಆರು. ಅವು ತಿರುಳು ಸರಿಯಾಗಿ ತೆಗೆಯದವು, ಎರಡನೆಯ ದಿನದ ಆಳು ಅವಸರದಲ್ಲಿ ಕೆತ್ತಿದ್ದು. ಪ್ರತಿ ಪತ್ತನಾಜೆಯ ಮೊದಲು ಚೂರಿಯ ಮೊನೆಯಿಂದ ಎಲ್ಲವನ್ನೂ ಚುಚ್ಚಿ ನೋಡುತ್ತೇನೆ. ಮಾವನೂ ಬಂದು ತಮ್ಮ ಊರುಗೋಲಿನಿಂದ ಕುಟ್ಟಿ ನೋಡಿ, "ಮುಂದಿನ ವರ್ಷ ಹೋಗುತ್ತದೆ" ಎನ್ನುತ್ತಾರೆ.

ಬಗೆಹರಿಯದ್ದು ಒಂದಿದೆ. ಮೊದಲ ಗೂಡಿನ ಕಾಲದಿಂದ ಉಳಿದ ಹೇಂಟೆಯೊಂದು ಇಂದಿಗೂ ಒಳಗೆ ಬರುವುದಿಲ್ಲ. ಸಂಜೆಯಾದರೆ ಅಂಗಳದ ಹಲಸಿನ ಮರ ಹತ್ತುತ್ತದೆ. ಈಗ ಅದರ ಮರಿಗಳು ಐದು, ಅವೂ ಅದರ ಹಿಂದೆಯೇ. ಹಿಡಿದು ಒಳಗೆ ಹಾಕಿದರೆ ಮರುದಿನ ಮತ್ತೆ ಮರದಲ್ಲಿ. ನಿನ್ನೆ ರಾತ್ರಿ ಧಾರಾಕಾರ ಮಳೆಯಲ್ಲಿ ಟಾರ್ಚು ಹಾಕಿ ನೋಡಿದೆ. ಆರೂ ಒಂದೇ ಕೊಂಬೆಯಲ್ಲಿ ತೊಯ್ದು ತೊಪ್ಪೆಯಾಗಿ ಸಾಲಾಗಿ ಕುಳಿತಿದ್ದವು, ಎಪ್ಪತ್ತಮೂರು ಸಾವಿರದ ಗೂಡಿಗೆ ಬೆನ್ನು ಹಾಕಿ.