ಹಗ್ಗದ ಡ್ರಮ್ ಬಿಗಿಯುವುದು ಹೀಗೆ

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861–65) ಕಾಲಾಳು ಪಡೆಗೆ ಡ್ರಮ್ಮೇ ಗಡಿಯಾರ, ಡ್ರಮ್ಮೇ ಆಜ್ಞೆ. ಬೆಳಿಗ್ಗೆ ಏಳಲು ಒಂದು ಬಡಿತ, ಸಾಲಿನಲ್ಲಿ ನಿಲ್ಲಲು ಇನ್ನೊಂದು. ಎಡೆಬಿಡದ ಉದ್ದನೆಯ ಉರುಳು ಕೇಳಿಸಿತೆಂದರೆ ಎಲ್ಲರೂ ಬಂದೂಕು ಎತ್ತಿಕೊಳ್ಳಬೇಕು. ಬಾರಿಸುತ್ತಿದ್ದವರಲ್ಲಿ ಎಷ್ಟೋ ಮಂದಿ ಮೀಸೆ ಮೂಡದ ಹುಡುಗರು. ವರ್ಮಾಂಟ್‌ ರಾಜ್ಯದ ಪಡೆಯ ವಿಲ್ಲಿ ಜಾನ್‌ಸ್ಟನ್‌ 1862ರಲ್ಲಿ ಸೈನ್ಯ ಹಿಂದೆ ಸರಿಯುವಾಗಲೂ ಡ್ರಮ್ ಬಿಡಲಿಲ್ಲ. ಮರುವರ್ಷ ಮೆಡಲ್ ಆಫ್ ಆನರ್ ಎಂಬ ಅಮೆರಿಕದ ಶೌರ್ಯ ಪದಕ ಸಿಕ್ಕಾಗ ಅವನಿಗೆ ಬರೀ 13 ವರ್ಷ! ಸಡಿಲವಾದ ಡ್ರಮ್ಮಿನಿಂದ ಆಜ್ಞೆ ದೂರ ಹೋಗುವುದಿಲ್ಲ. ಹಾಗಾಗಿ ಬಿಗಿಯುವುದೂ ಬಾರಿಸುವವರ ಕೆಲಸವೇ ಆಗಿತ್ತು. ಅಂಥ ಡ್ರಮ್ ಕೈಗೆ ಸಿಕ್ಕರೆ ಹೀಗೆ ಮಾಡಿ.

ಮೊದಲು ಚರ್ಮ. ಕರುವಿನ ಚರ್ಮವನ್ನು ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ತೆಳು ಮರದ ಬಳೆಗೆ ಅಂಚು ಮಡಚಿ ಸಿಕ್ಕಿಸಿ. ಬಾರಿಸುವ ಕಡೆಗೆ ದಪ್ಪ ಚರ್ಮ, ಕೆಳಗೆ ತೆಳು. ನೆರಳಲ್ಲಿ ನಿಧಾನವಾಗಿ ಒಣಗಲಿ. ತಮಟೆಯ ಹಾಗೆ ಬೆಂಕಿಗೆ ಹಿಡಿಯಬೇಡಿ, ಈ ತೆಳು ಚರ್ಮ ತಡೆಯುವುದಿಲ್ಲ.

ಚರ್ಮಗಳನ್ನು ಡ್ರಮ್ಮಿನ ಎರಡೂ ಬಾಯಿಗೆ ಇಟ್ಟು, ಅವುಗಳ ಮೇಲೆ ದಪ್ಪ ಬಳೆ ಕೂರಿಸಿ, ಮೇಲಿನ ಬಳೆಯಿಂದ ಕೆಳಗಿನದಕ್ಕೆ ಹಗ್ಗವನ್ನು ಓರೆಯಾಗಿ ಇಳಿಸಿ, ಹತ್ತಿಸಿ, ಸುತ್ತಲೂ ಪೋಣಿಸಿ. ಕೈಯಲ್ಲೇ ಎಳೆದು ಸಡಿಲವೆಲ್ಲ ತೆಗೆದು ಗಂಟು ಹಾಕಿ.

ನಿಜವಾದ ಜಾಣ್ಮೆ ಇರುವುದು ತೊಗಲಿನ ಪಟ್ಟಿಗಳಲ್ಲಿ. ಒಂದೊಂದು ಪಟ್ಟಿಯೂ ಹಗ್ಗದ ಅಕ್ಕಪಕ್ಕದ ಎರಡು ಎಳೆಗಳನ್ನು ತಬ್ಬಿಕೊಂಡಿರುತ್ತದೆ. ಎಳೆಗಳು ಕೂಡುವ ಕಡೆ ಪಟ್ಟಿ ಇದ್ದರೆ ಹಗ್ಗ ಸಡಿಲ. ಅವು ಅಗಲವಾಗುವ ಕಡೆಗೆ ಜಾರಿಸಿದಷ್ಟೂ ಬಿಗಿ. ಒಂದೇ ಸಲಕ್ಕೆ ಪೂರ್ತಿ ಎಳೆಯಬೇಡಿ, ಬಳೆ ವಾಲುತ್ತದೆ. ಒಂದು ಪಟ್ಟಿಯನ್ನು ಸ್ವಲ್ಪ ಜಾರಿಸಿ, ಅದರ ಎದುರಿನದಕ್ಕೆ ಹೋಗಿ. ಸುತ್ತು ಮುಗಿದ ಮೇಲೆ ಅಂಚಿನ ಹತ್ತಿರ ಅಲ್ಲಲ್ಲಿ ಬೆರಳಿನಿಂದ ತಟ್ಟಿ ನೋಡಿ. ಎಲ್ಲಾ ಕಡೆ ಒಂದೇ ಸದ್ದು ಬರುವವರೆಗೂ ಇದೇ ಕೆಲಸ. ಅವಸರ ಮಾಡಿದರೆ ಆಗುವುದಿಲ್ಲ.

ಆಮೇಲೆ ಕೆಳಗಿನ ಚರ್ಮಕ್ಕೆ ತಾಗುವ ತಂತಿಗಳು. ಇವನ್ನು ಪ್ರಾಣಿಯ ಕರುಳಿನಿಂದ ಹೊಸೆದಿರುತ್ತಾರೆ. ಚಟಚಟ ಎನ್ನುವ ಆ ಸದ್ದು ಬರುವುದು ಇವುಗಳಿಂದಲೇ. ಜಾಸ್ತಿ ಬಿಗಿದರೆ ಸದ್ದು ಉಸಿರುಗಟ್ಟುತ್ತದೆ.

ಡ್ರಮ್ ನೇತುಹಾಕುವ ಉದ್ದ ಪಟ್ಟಿಯನ್ನು ಹೆಗಲಿಗೆ ಹಾಕಿದರೆ ಡ್ರಮ್ ಎಡತೊಡೆಯ ಹತ್ತಿರ ಓರೆಯಾಗಿ ತೂಗುತ್ತದೆ. ಅದಕ್ಕೇ ಎಡಗೈಯಲ್ಲಿ ಕೋಲನ್ನು ಅಂಗೈ ಮೇಲಾಗಿ ಹಿಡಿಯುವುದು.

ಮಳೆಗಾಲದಲ್ಲಿ ಚರ್ಮ ಸಡಿಲವಾಗುತ್ತದೆ, ಪಟ್ಟಿಗಳನ್ನು ಮತ್ತೆ ಜಾರಿಸಬೇಕು. ಒಣಹವೆಯಲ್ಲಿ ತಾನಾಗಿಯೇ ಬಿಗಿದು ಹರಿದೇ ಹೋಗಬಹುದು. ಹಾಗಾಗಿ ಬಾರಿಸಿ ಮುಗಿದ ಮೇಲೆ ಪಟ್ಟಿಗಳನ್ನು ಸಡಿಲದ ಕಡೆಗೆ ಸರಿಸಿಯೇ ಡ್ರಮ್ ಎತ್ತಿಡಿ.