ಡಿಎನ್‌ಎ ಹಿಡ್ಕೊಂಡು "ಮಂಗನಿಂದ ಮಾನವ" ವಾದ ಮಾಡೋದು ಹೇಗೆ

ಮನುಷ್ಯನಿಗೂ ಚಿಂಪಾಂಜಿಗೂ ಪೂರ್ವಜರು ಒಂದೇ ಅನ್ನೋದನ್ನ ಒಪ್ಪದವ್ರ ಜೊತೆ ವಾದಕ್ಕೆ ಕೂತ್ರೆ, ಮೊದಲನೇ ಮಾತು, "ನಮಗೂ ಚಿಂಪಾಂಜಿಗೂ ಶೇಕಡಾ 98.8 ಡಿಎನ್‌ಎ ಒಂದೇ" ಅಂತ ವಾದ ಶುರು ಮಾಡ್ಬೇಡಿ. ನಾನು ತುಂಬಾ ದಿನ ಹಾಗೇ ಮಾಡ್ತಿದ್ದೆ, ಒಂದ್ಸಲ ಎದುರಿಗಿದ್ದವ್ರು "ಅಲ್ಲ ಕಣ್ರೀ, ಏನನ್ನ ಏನಕ್ಕೆ ಹೋಲಿಸಿ ಆ ನಂಬರ್ ಬಂತು?" ಅಂತ ಕೇಳಿದ್ರು ನೋಡಿ, ನಾನು ಬಾಯಿ ಮುಚ್ಕೊಂಡು ಕೂತೆ.

ಉತ್ತರ ಗೊತ್ತಿರ್ಬೇಕು. ಡಿಎನ್‌ಎ ಅಂದ್ರೆ ಎ, ಟಿ, ಜಿ, ಸಿ ಅನ್ನೋ ನಾಲ್ಕೇ ಅಕ್ಷರದ ಉದ್ದದ ಬರಹ ಅಂದ್ಕೊಳ್ಳಿ. 2005ರಲ್ಲಿ ಚಿಂಪಾಂಜಿ ಜೀನೋಮ್, ಅಂದ್ರೆ ಅದರ ಡಿಎನ್‌ಎಯ ಪೂರ್ತಿ ಬರಹ, ಬಂದಾಗ, ಅದನ್ನೂ ನಮ್ಮದನ್ನೂ ಪಕ್ಕಪಕ್ಕ ಇಟ್ಟು ಎಲ್ಲೆಲ್ಲಿ ಜೋಡಿಸೋಕಾಯ್ತೋ ಅಲ್ಲಿ ಅಕ್ಷರಕ್ಕೆ ಅಕ್ಷರ ನೋಡಿದ್ರು, ಸುಮಾರು ಮೂರೂವರೆ ಕೋಟಿ ಕಡೆ ವ್ಯತ್ಯಾಸ, ಅಂದ್ರೆ ಶೇಕಡಾ 1.23. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ತುಂಡುಗಳನ್ನೂ ಲೆಕ್ಕಕ್ಕೆ ತಗೊಂಡ್ರೆ ಹೋಲಿಕೆ 96ರ ಹತ್ರ ಇಳಿಯುತ್ತೆ. 2025ರಲ್ಲಿ ವಾನರಗಳ (ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್ ಥರದ ಬಾಲವಿಲ್ಲದವು) ಪೂರ್ತಿ ಜೀನೋಮ್‌ಗಳು ಬಂದ್ವು, ಅದ್ರಲ್ಲಿ ಸರಿಯಾಗಿ ಜೋಡಿಸೋಕೇ ಆಗದ ಭಾಗ ಶೇಕಡಾ 10ಕ್ಕಿಂತ ಜಾಸ್ತಿ ಇದೆ, ಈಗ ಅದನ್ನೇ ಹಿಡ್ಕೊಂಡು "ನೋಡಿ, ಇಷ್ಟು ದಿನ ಸುಳ್ಳು ಹೇಳಿದ್ರು" ಅಂತ ಬರ್ತಾರೆ. ಗಾಬರಿ ಆಗ್ಬೇಡಿ, ಇಂಥ ಭಾಗಗಳಲ್ಲಿ ಒಂದೇ ಸಾಲು ಸಾವಿರಾರು ಸಲ ರಿಪೀಟ್ ಆಗೋ ಜಾಗಗಳು ತುಂಬಾ ಇವೆ, ಅವು ಒಂದೇ ಜಾತಿಯ ಒಳಗೂ ಸಿಕ್ಕಾಪಟ್ಟೆ ಬದಲಾಗ್ತವೆ. ನೀವು ಹೇಳ್ಬೇಕಾದ್ದು ಇಷ್ಟೇ: ಅಳತೆಕೋಲು ಯಾವ್ದಾದ್ರೂ ಇರ್ಲಿ, ಅದೇ ಕೋಲಲ್ಲಿ ಎಲ್ಲರನ್ನೂ ಅಳೀರಿ. ಅಕ್ಷರದ ವ್ಯತ್ಯಾಸ ಅಳೆದ್ರೆ ಚಿಂಪಾಂಜಿಗೆ ಗೊರಿಲ್ಲಾಗಿಂತ ನಾವೇ ಹತ್ರ, ಒರಾಂಗುಟಾನ್ ಇನ್ನೂ ದೂರ. ನೆಂಟಸ್ತನದ ವಾದದಲ್ಲಿ ಬೇಕಾಗಿರೋದು ಈ ಕ್ರಮ, ಪರ್ಸೆಂಟೇಜ್ ಅಲ್ಲ.

ಆಮೇಲೆ ನಿಮ್ಮ ಗಟ್ಟಿ ಸಾಕ್ಷಿ ತೆಗೀರಿ, 2ನೇ ಕ್ರೋಮೋಸೋಮ್. ಕ್ರೋಮೋಸೋಮ್ ಅಂದ್ರೆ ಕೋಶದೊಳಗೆ ಡಿಎನ್‌ಎ ಸುತ್ತಿಟ್ಟಿರೋ ಕಟ್ಟು, ಅವು ಜೋಡಿ ಜೋಡಿಯಾಗಿರ್ತವೆ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್ ಎಲ್ಲಕ್ಕೂ 48, ನಮಗೆ ಮಾತ್ರ 46. ಒಂದು ಜೋಡಿ ಎಲ್ಲಿ ಹೋಯ್ತು? ಕ್ರೋಮೋಸೋಮಿನ ತುದಿಯಲ್ಲಿ ಟಿಟಿಎಜಿಜಿಜಿ ಅನ್ನೋ ಆರಕ್ಷರ ಮತ್ತೆ ಮತ್ತೆ ಬರುತ್ತೆ, ಅದಿರೋದು ತುದಿ ಕಾಯೋಕೆ. ಆದ್ರೆ ನಮ್ಮ 2ನೇ ಕ್ರೋಮೋಸೋಮಿನ ನಡುವೆ, ತುದಿಯೇ ಅಲ್ಲದ ಜಾಗದಲ್ಲಿ, ಅದೇ ಸಾಲು ಬರ್ತಾ ಬರ್ತಾ ಇದ್ದಕ್ಕಿದ್ದಂಗೆ ಸಿಸಿಸಿಟಿಎಎ ಅಂತ ತಿರುಗುತ್ತೆ, ಇದು ಎದುರಿನ ಎಳೆಯಲ್ಲಿ ಆ ಕಡೆಯಿಂದ ಓದಿದ ಅದೇ ಆರಕ್ಷರ. ಎರಡು ಹಗ್ಗದ ತುದಿ ಸೇರಿಸಿ ಗಂಟು ಹಾಕಿದ್ರೆ ಹೇಗಿರುತ್ತೋ ಹಾಗೆ. ಇದು ಸಿಕ್ಕಿದ್ದು 1991ರಲ್ಲಿ. ಜೊತೆಗೆ ಸೆಂಟ್ರೋಮಿಯರ್, ಅಂದ್ರೆ ಕೋಶ ಒಡೆಯುವಾಗ ಕ್ರೋಮೋಸೋಮನ್ನ ಹಿಡಿದು ಎಳೆಯೋ ಜಾಗ, ಒಂದೇ ಇರ್ಬೇಕಾದ ಕಡೆ ಕೆಲಸ ನಿಲ್ಲಿಸಿದ ಎರಡನೇದರ ಗುರುತೂ ಇದೆ.

"ಆ ಅಕ್ಷರಗಳು ಸರಿಯಾಗಿಲ್ಲ, ಸವೆದು ಹೋಗಿವೆ" ಅಂತಾರೆ. ಹೌದು ಅಂತ ಒಪ್ಕೊಳ್ಳಿ, ಲಕ್ಷಾಂತರ ವರ್ಷ ಹಳೇ ಗಂಟು ಹೊಸದರ ಹಾಗೆ ಇರಲ್ಲ. ಇನ್ನೊಂದು ವಿಷ್ಯ, ಗಂಟು ಒಂದೇ ನೆಂಟಸ್ತನ ಸಾಬೀತು ಮಾಡಲ್ಲ (ಇಲ್ಲಿ ನಮ್ಮ ಕಡೆಯವ್ರೇ ಎಡವ್ತಾರೆ), ಒಂದು ಕಾಲಕ್ಕೆ ಎರಡಿದ್ದವು ಅಂತ ಮಾತ್ರ ಹೇಳುತ್ತೆ. ಗಂಟಿನ ಆ ಕಡೆ ಈ ಕಡೆ ಜೀನ್‌ಗಳು ಕೂತಿರೋ ಸಾಲು ಚಿಂಪಾಂಜಿಯ ಎರಡು ಬೇರೆ ಬೇರೆ ಕ್ರೋಮೋಸೋಮುಗಳಿಗೆ ಹೊಂದುತ್ತಲ್ಲ, ಸಾಬೀತು ಅಂದ್ರೆ ಅದು.

ಮುಂದೆ ಬರೋದು "ಒಂದೇ ಕಂಪನಿ ಎರಡು ಕಾರಿಗೆ ಒಂದೇ ಇಂಜಿನ್ ಹಾಕಲ್ವಾ, ಹಾಗೇ ಸೃಷ್ಟಿ ಮಾಡಿದೋನು ಒಬ್ನೇ" ಅನ್ನೋ ವಾದ. ಓಡೋ ಇಂಜಿನ್ ಬಗ್ಗೆ ಜಗಳ ಬೇಡ, ಕೆಟ್ಟು ನಿಂತ ಪಾರ್ಟ್ ತೋರ್ಸಿ, ಕೆಟ್ಟಿದ್ದನ್ನ ಯಾರೂ ಬೇಕಂತ ಎರಡೂ ಕಾರಿಗೆ ಹಾಕಲ್ಲ. ವಿಟಮಿನ್ ಸಿ ಮಾಡೋ ಗುಲೋ ಅನ್ನೋ ಜೀನ್ ನಮ್ಮಲ್ಲೂ ಇದೆ, ಆದ್ರೆ ಕೆಟ್ಟಿದೆ, ಚಿಂಪಾಂಜಿಯಲ್ಲೂ ಗೊರಿಲ್ಲಾದಲ್ಲೂ ಕೋತಿಗಳಲ್ಲೂ ಕೆಟ್ಟಿದೆ. ಲೆಮೂರ್‌ಗಳದ್ದು ಈಗ್ಲೂ ಕೆಲಸ ಮಾಡುತ್ತೆ. ಗಿನಿಪಿಗ್‌ನಲ್ಲೂ ಕೆಟ್ಟಿದೆಯಲ್ಲ ಅಂತ ಕೇಳಿದ್ರೆ ಖುಷಿ ಪಡಿ, ಅದು ಬೇರೆ ಸಮಯದಲ್ಲಿ ಬೇರೆ ರೀತಿ ತಾನಾಗೇ ಕೆಟ್ಟಿದ್ದು.

ಸ್ವಲ್ಪ ಓದ್ಕೊಂಡ್ ಬಂದವ್ರು 2012ರ ಗೊರಿಲ್ಲಾ ಜೀನೋಮ್ ಎತ್ತುತಾರೆ, ಅದ್ರ ಪ್ರಕಾರ ಜೀನೋಮಿನ ಸುಮಾರು ಶೇಕಡಾ 30 ಭಾಗದಲ್ಲಿ ಮನುಷ್ಯ-ಚಿಂಪಾಂಜಿ ಜೋಡಿ ಅಲ್ಲ, ಗೊರಿಲ್ಲಾನೇ ಇಬ್ಬರಲ್ಲಿ ಒಬ್ಬರಿಗೆ ಹೆಚ್ಚು ಹತ್ರ. ನಿಜಾನೇ. ಒಂದು ದೊಡ್ಡ ಪೂರ್ವಜ ಗುಂಪಲ್ಲಿ ಒಂದೇ ಜೀನಿನ ನಾಲ್ಕಾರು ರೂಪ ಇರ್ತವೆ, ಕವಲುಗಳು ಬೇಗ ಬೇಗ ಒಡೆದಾಗ ಯಾವ ರೂಪ ಯಾರ ಪಾಲಿಗೆ ಉಳೀತು ಅನ್ನೋದು ಅದೃಷ್ಟದ ಮಾತು. ಉಳಿದ ಶೇಕಡಾ 70 ಏನು ಹೇಳುತ್ತೆ ಅಂತ ತಿರುಗಿ ಕೇಳಿ.

"ಹಾಗಾದ್ರೆ ಮಂಗಗಳು ಇನ್ನೂ ಯಾಕಿವೆ?" ಇದಕ್ಕೆ ಒಂದೇ ಸಾಲು ಸಾಕು, ಚಿಂಪಾಂಜಿ ನಮ್ಮಜ್ಜ ಅಲ್ಲ, ದಾಯಾದಿ. ದೇವರಿದ್ದಾನಾ ಇಲ್ವಾ ಅಂತ ಮಾತು ತಿರುಗಿದ್ರೆ ಅಲ್ಲಿಗೆ ನಿಲ್ಸಿ, ಅದಕ್ಕೆ ಡಿಎನ್‌ಎಲಿ ಉತ್ತರ ಇಲ್ಲ.

ಆದ್ರೆ "ಇಷ್ಟು ಹತ್ರ ಇದ್ರೆ ನಾವ್ಯಾಕೆ ಇಷ್ಟು ಬೇರೆ?" ಅಂದ್ರೆ ತಳ್ಳಿ ಹಾಕ್ಬೇಡಿ, ಇದು ಒಳ್ಳೇ ಪ್ರಶ್ನೆ. 1975ರಲ್ಲೇ ಮೇರಿ-ಕ್ಲೇರ್ ಕಿಂಗ್ ಮತ್ತೆ ಆಲನ್ ವಿಲ್ಸನ್ ಅನ್ನೋ ವಿಜ್ಞಾನಿಗಳು, ನಮ್ಮ ಮತ್ತೆ ಚಿಂಪಾಂಜಿಯ ಪ್ರೋಟೀನುಗಳು ಹೆಚ್ಚೂಕಮ್ಮಿ ಒಂದೇ ಇರೋದು ನೋಡಿ, ವ್ಯತ್ಯಾಸ ಇರೋದು ಯಾವ ಜೀನ್ ಯಾವಾಗ ಎಷ್ಟು ಹೊತ್ತು ಆನ್ ಆಗುತ್ತೆ ಅನ್ನೋದ್ರಲ್ಲಿ ಅಂತ ಹೇಳಿದ್ರು. ಅಲ್ಲಿಂದ ಮಾತು ಮುಂದುವರಿಸಿ, ಎದುರಿನವ್ರೂ ಕುರ್ಚಿ ಹತ್ರ ಎಳ್ಕೊಂಡು ಕೇಳ್ತಾರೆ.